ಕಿವಿಯಂಚಿನ ಒಂದು ಹನಿ

ಮೊದಲು ಸುದ್ದಿ ಮುಟ್ಟುವುದು ಇರುವೆಗಳಿಗೆ. ಹಿತ್ತಲಿನ ಸಿಮೆಂಟ್ ನೆಲದಲ್ಲಿ ನಾಯಿ ಉಚ್ಚೆ ಹೊಯ್ದ ಜಾಗಕ್ಕೆ ಅವು ಸಾಲುಗಟ್ಟಿ ಬರುತ್ತವೆ. ಮನೆಯವರಿಗೆ ಗೊತ್ತಾಗುವುದು ಆಮೇಲೆ. ದಿನಕ್ಕೆರಡು ಸಲ ತುಂಬಿಸುತ್ತಿದ್ದ ನೀರಿನ ಬಟ್ಟಲನ್ನು ಈಗ ಐದಾರು ಸಲ ತುಂಬಿಸಬೇಕಾಗಿದೆ. ರಾತ್ರಿ ಹೊರಗೆ ಬಿಡೆಂದು ನಾಯಿ ಮೂರು ಸಲ ಬಾಗಿಲು ಕೆರೆಯುತ್ತದೆ. ತಟ್ಟೆಯನ್ನು ನೆಕ್ಕಿ ನೆಕ್ಕಿ ಖಾಲಿ ಮಾಡುತ್ತದೆ, ಆದರೂ ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. ಬಿಸಿಲು ಜಾಸ್ತಿ, ವಯಸ್ಸಾಯಿತು, ಜಂತುಹುಳುವಿನ ಮಾತ್ರೆ ಹಾಕಿಸಿಲ್ಲ ಎಂದು ಒಂದೊಂದೇ ಕಾರಣ ಹುಡುಕುವುದರಲ್ಲಿ ತಿಂಗಳೊಂದು ಕಳೆದುಹೋಗುತ್ತದೆ. ಅಷ್ಟರಲ್ಲಿ ಕಣ್ಣಪಾಪೆಯ ಮೇಲೆ ಹಾಲಿನ ಕೆನೆಯಂಥ ಬಿಳುಪು ಕಾಣಿಸಿಕೊಳ್ಳುತ್ತದೆ.

ಚರಕ, ಸುಶ್ರುತರ ಕಾಲದ ವೈದ್ಯರು ಇರುವೆ ಮುತ್ತುವ ಮೂತ್ರದಿಂದಲೇ ಸಕ್ಕರೆ ಕಾಯಿಲೆಯನ್ನು ಗುರುತಿಸುತ್ತಿದ್ದರು. ಮನುಷ್ಯರ ಮಟ್ಟಿಗೆ ಆ ಕಾಲ ಮುಗಿದಿದೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾವ ಮೆಡಿಕಲ್ ಸ್ಟೋರಿನ ಮುಂದೆ ನಿಂತು ಕೇಳಿದರೂ ಗ್ಲೂಕೋಮೀಟರ್ ಕೈಗೆ ಬರುತ್ತದೆ. ಗುಬ್ಬಿ, ಕುಣಿಗಲ್‌ಗಳಲ್ಲೂ ಅಷ್ಟೇ. ಅಜ್ಜಿಯ ಬೆರಳು ಚುಚ್ಚಿ ಶುಗರ್ ನೋಡುವುದು ಎಷ್ಟೋ ಮನೆಗಳಲ್ಲಿ ಬೆಳಗಿನ ಕಾಫಿಯಷ್ಟೇ ಮಾಮೂಲು. ಅದೇ ಮನೆಯ ಬಾಗಿಲಲ್ಲಿ ಮಲಗಿದ ನಾಯಿಗೂ ಅದೇ ಯಂತ್ರ ಸಾಕಾಗಬಹುದು ಎಂಬುದು ಮಾತ್ರ ಬಹಳ ಮಂದಿಗೆ ಹೊಳೆಯುವುದಿಲ್ಲ.

ನಾಯಿಗೂ ಶುಗರ್ ಬರುತ್ತದೆ. ಬ್ರಿಟನ್ನಿನ ಪಶುವೈದ್ಯ ದಾಖಲೆಗಳನ್ನು ಆಧರಿಸಿದ ಒಂದು ಅಂದಾಜಿನಂತೆ ನೂರಕ್ಕೆ 0.34, ಅಂದರೆ ಸಾವಿರ ನಾಯಿಗಳಲ್ಲಿ ಮೂರ್ನಾಲ್ಕಕ್ಕೆ ಈ ಕಾಯಿಲೆ ಇದೆ. ನಡುವಯಸ್ಸು ದಾಟಿದ ನಾಯಿಗಳಲ್ಲಿ ಹೆಚ್ಚು. ಆದರೆ ಮನೆಯ ಹಿರಿಯರ ಶುಗರ್‌ಗೂ ನಾಯಿಯ ಶುಗರ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಿರಿಯರದ್ದು ಬಹುಪಾಲು ಮಾತ್ರೆ, ಪಥ್ಯ, ನಡಿಗೆಗಳಿಗೆ ಬಗ್ಗುವಂಥದ್ದು. ನಾಯಿಯಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳೇ ಸಾಮಾನ್ಯವಾಗಿ ಹಾಳಾಗಿರುತ್ತವೆ. ಮಾತ್ರೆ ಅದಕ್ಕೆ ನಾಟುವುದಿಲ್ಲ. ಹನ್ನೆರಡು ಗಂಟೆಗೊಮ್ಮೆ ಇನ್ಸುಲಿನ್ ಸೂಜಿ, ಬದುಕಿರುವಷ್ಟು ದಿನವೂ. ಕಜ್ಜಿ, ತುರಿಕೆಗೆಂದು ಪದೇ ಪದೇ ಕೊಟ್ಟ ಸ್ಟೀರಾಯ್ಡ್‌ನಿಂದಲೂ ಕಾಯಿಲೆ ತಲೆಯೆತ್ತಬಹುದು.

ಹೆಣ್ಣು ನಾಯಿಗಳ ಕಥೆ ಇನ್ನೂ ಸೂಕ್ಷ್ಮ. ಬೆದೆ ಮುಗಿದ ನಂತರದ ಎರಡು ತಿಂಗಳು ಅವುಗಳ ಮೈಯಲ್ಲಿ ಪ್ರೊಜೆಸ್ಟೆರಾನ್ ಏರುತ್ತದೆ. ಅದು ಕೆಚ್ಚಲಿನ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುತ್ತದೆ, ಆ ಹಾರ್ಮೋನು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹೀಗೆ ಶುರುವಾದ ಶುಗರ್‌ಗೆ ತಡಮಾಡದೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಕೆಲವು ನಾಯಿಗಳು ಇನ್ಸುಲಿನ್ ಇಲ್ಲದೆಯೇ ಚೇತರಿಸಿಕೊಳ್ಳುತ್ತವೆ. ಬೀದಿನಾಯಿಗೆ ಮಾಡಿಸುವ ಆಪರೇಷನ್ನನ್ನು ಸಾಕಿದ ನಾಯಿಗೆ ಮಾಡಿಸಲು ನಮ್ಮ ಮನೆಗಳಲ್ಲಿ ಇರುವ ಹಿಂಜರಿಕೆ ಇಂಥ ಕಡೆ ತುಂಬಾ ದುಬಾರಿಯಾಗುತ್ತದೆ.

ಕಾಯಿಲೆ ಗೊತ್ತಾದ ಮೇಲೆ ಎದುರಾಗುವುದು ದೂರದ ಪ್ರಶ್ನೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರ್. ಕುಣಿಗಲ್‌ನಿಂದ ಅದರ ಹೆಚ್ಚುಕಡಿಮೆ ಎರಡರಷ್ಟು. ತುಮಕೂರಿನಿಂದ ಬೆಂಗಳೂರಿಗೆ 70. ತಾಲ್ಲೂಕಿನ ಪಶು ಆಸ್ಪತ್ರೆ ಹುಟ್ಟಿಕೊಂಡಿದ್ದೇ ಹಸು, ಎಮ್ಮೆ, ಕುರಿ, ಮೇಕೆಗಳಿಗಾಗಿ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ, ಕಷ್ಟದ ಹೆರಿಗೆ ಎಂದು ವೈದ್ಯರು ಊರೂರು ಸುತ್ತುತ್ತಾರೆ. ಹಾಲಿನ ಮೇಲೆ ಸಂಸಾರ ನಡೆಸುವ ಜಿಲ್ಲೆಯಲ್ಲಿ ಅದು ನ್ಯಾಯವೂ ಹೌದು. ಇನ್ಸುಲಿನ್ ಶುರುಮಾಡಿದ ನಾಯಿಗೆ ಬೇಕಾದದ್ದು ಬೇರೆ ಬಗೆಯ ನೋಟ. ಬೆಳಗಿನಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ರಕ್ತದ ಸಕ್ಕರೆ ಅಳೆಯಬೇಕು. ಹನ್ನೆರಡು ಗಂಟೆ ಒಂದು ನಾಯಿಯನ್ನು ಕೂರಿಸಿಕೊಂಡು ಏಳು ಸಲ ರಕ್ತ ತೆಗೆಯುವ ಪುರುಸೊತ್ತು, ಜಾಗ, ಸಿಬ್ಬಂದಿ ತಾಲ್ಲೂಕು ಆಸ್ಪತ್ರೆಯಲ್ಲಿ ಎಲ್ಲಿಂದ ಬರಬೇಕು? ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಖಾಸಗಿ ಕ್ಲಿನಿಕ್ಕಿಗೋ ಹೋಗೋಣವೆಂದರೆ ಕಾರಿನ ಬಾಡಿಗೆ, ಒಂದು ದಿನದ ಕೂಲಿ ಅಥವಾ ರಜೆ, ಹಾಗೂ ಹೊಸ ಜಾಗಕ್ಕೆ ಹೆದರಿ ಊಟ ಬಿಟ್ಟ ನಾಯಿ. ಊಟ ಬಿಟ್ಟ ದಿನದ ಅಂಕಿಗಳಿಂದ ವೈದ್ಯರಿಗೆ ಹೆಚ್ಚು ಪ್ರಯೋಜನವೂ ಇಲ್ಲ.

ಈ ಕೆಲಸ ಮನೆಯಲ್ಲೇ ಆಗಬೇಕು ಎನ್ನುವುದು ಅದಕ್ಕೇ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಪಶುವೈದ್ಯರು, ಕ್ಲೌಡಿಯಾ ರಾಯಿಷ್ ಮತ್ತು ಅವರ ಸಂಗಡಿಗರು, ನಾಯಿ ಬೆಕ್ಕುಗಳ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಕೈಯಳತೆಯ ಮೀಟರಿನಲ್ಲಿ ನೋಡುವ ಕ್ರಮವನ್ನು 2000ದಲ್ಲಿ ಪ್ರಕಟಿಸಿದರು. ನಾಯಿ ಸಾಕಿದ ಸಾಮಾನ್ಯ ಜನರಿಗೆ ಅದನ್ನು ಕಲಿಸಿ ನೋಡಿದ ಅನುಭವವನ್ನು 2003ರಲ್ಲಿ ಬರೆದರು. ಕಲಿತವರಲ್ಲಿ ಹೆಚ್ಚಿನವರು ಮನೆಯಲ್ಲೇ ದಿನವಿಡೀ ಅಳತೆ ಮಾಡಬಲ್ಲವರಾದರು.

ಬೆಲೆಯ ವಿಷಯ. ನಾಯಿ ಬೆಕ್ಕುಗಳಿಗೆಂದೇ ತಯಾರಾದ ಆಲ್ಫಾಟ್ರ್ಯಾಕ್‌ನಂಥ ಮೀಟರುಗಳಿವೆ. ಒಳ್ಳೆಯವೇ. ಆದರೆ ಮೀಟರೂ ರಕ್ತದ ಹನಿ ಮುಟ್ಟಿಸುವ ಅದರ ಪಟ್ಟಿಗಳೂ ಬಹಳ ದುಬಾರಿ, ಗುಬ್ಬಿಯಲ್ಲಿ ಪಟ್ಟಿ ಮುಗಿದರೆ ಮರುದಿನ ಸಿಗುವಂಥವೂ ಅಲ್ಲ. ಮನುಷ್ಯರ ಮೀಟರು ಐನೂರರಿಂದ ಸಾವಿರದೈನೂರು ರೂಪಾಯಿಯೊಳಗೆ ಬರುತ್ತದೆ. ಪಟ್ಟಿಯೊಂದಕ್ಕೆ ಕಂಪನಿಯ ಮೇಲೆ ಹತ್ತರಿಂದ ಇಪ್ಪತ್ತು ಚಿಲ್ಲರೆ ರೂಪಾಯಿ. ಹಾಗಾಗಿ ಕೊಳ್ಳುವಾಗ ಮೀಟರಿನ ಬೆಲೆಗಿಂತ ಪಟ್ಟಿಯ ಬೆಲೆಯನ್ನು ಕೇಳಬೇಕು, ಆ ಪಟ್ಟಿ ಊರಿನ ಅಂಗಡಿಯಲ್ಲಿ ಸದಾ ಸಿಗುತ್ತದೆಯೇ ಎಂದೂ ಕೇಳಬೇಕು. ರಕ್ತ ಕಡಿಮೆ ಸಾಕಾಗುವ, ಹನಿಯನ್ನು ತಾನೇ ಹೀರಿಕೊಳ್ಳುವ ಪಟ್ಟಿ ನಾಯಿಗೆ ಅನುಕೂಲ.

ಆದರೆ ಮನುಷ್ಯರ ಮೀಟರು ನಾಯಿಯ ರಕ್ತದ ಬಗ್ಗೆ ಪೂರ್ತಿ ಸರಿಯಾದ ಅಂಕಿ ಹೇಳುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳದೆ ಮುಂದೆ ಹೋಗಬಾರದು. ಮನುಷ್ಯರ ರಕ್ತದಲ್ಲಿರುವ ಸಕ್ಕರೆಯಲ್ಲಿ ಸುಮಾರು ಶೇ 58 ಪಾಲು ಪ್ಲಾಸ್ಮಾ ಎಂಬ ದ್ರವದಲ್ಲಿ, ಶೇ 42 ಪಾಲು ಕೆಂಪು ಕಣಗಳೊಳಗೆ ಇರುತ್ತದೆ. ನಾಯಿಯಲ್ಲಿ ಶೇ 87.5 ಪ್ಲಾಸ್ಮಾದಲ್ಲೇ, ಕಣಗಳಲ್ಲಿ ಉಳಿಯುವುದು ಶೇ 12.5 ಮಾತ್ರ. ಮೀಟರಿನೊಳಗಿನ ಲೆಕ್ಕ ಕಟ್ಟಿರುವುದು ಮನುಷ್ಯರ ಹಂಚಿಕೆಗೆ. ನಾಯಿಯ ಹನಿ ಇಟ್ಟಾಗ ಅದು ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಾಗೆಂದು ಇಷ್ಟು ಕೂಡಿಸಿ ಎಂದು ಹೇಳುವ ಹಾಗಿಲ್ಲ. ವ್ಯತ್ಯಾಸ ಮೀಟರಿನಿಂದ ಮೀಟರಿಗೆ ಬೇರೆ, ಸಕ್ಕರೆ ಏರಿದಂತೆ ಹಿಗ್ಗುವುದೂ ಉಂಟು. ರಕ್ತಹೀನತೆಯಿರುವ ನಾಯಿಯಲ್ಲಿ ಅಂಕಿ ಮೇಲಕ್ಕೂ ಸರಿಯಬಹುದು. ಉಣ್ಣಿ ಕಚ್ಚಿ ಜ್ವರ ಬರುವ ನಮ್ಮ ಕಡೆಯ ನಾಯಿಗಳಲ್ಲಿ ರಕ್ತಹೀನತೆ ಅಪರೂಪವೇನಲ್ಲ.

ಪರಿಹಾರ ಇದೆ, ಖರ್ಚೂ ಇಲ್ಲ. ವೈದ್ಯರು ಲ್ಯಾಬಿಗೆಂದು ನಾಯಿಯ ರಕ್ತ ತೆಗೆಯುವ ದಿನ ಮನೆಯ ಮೀಟರನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು. ಅದೇ ಸಿರಿಂಜಿನ ಒಂದು ಹನಿಯನ್ನು ಅಲ್ಲೇ ಪಟ್ಟಿಗೆ ಮುಟ್ಟಿಸಿ ಅಂಕಿ ಬರೆದುಕೊಳ್ಳಬೇಕು. ಉಳಿದ ರಕ್ತ ಬೂದು ಮುಚ್ಚಳದ ಟ್ಯೂಬಿಗೆ ಹೋಗಲಿ. ಅದರಲ್ಲಿರುವ ಫ್ಲೋರೈಡ್, ದಾರಿಯಲ್ಲಿ ಕೆಂಪು ಕಣಗಳು ಸಕ್ಕರೆ ತಿಂದು ಮುಗಿಸದಂತೆ ತಡೆಯುತ್ತದೆ. ಲ್ಯಾಬಿನಲ್ಲಿ 260 ಬಂದು ಮೀಟರಿನಲ್ಲಿ 205 ಬಂದಿದ್ದರೆ ಆ ಮೀಟರಿನ ಸ್ವಭಾವ ಇಂಥದ್ದು ಎಂದು ಗೊತ್ತಾಯಿತು. ಎರಡು ಮೂರು ಸಲ ಹೀಗೆ ಹೊಂದಿಸಿ ನೋಡಿದರೆ ವೈದ್ಯರಿಗೂ ಆ ಅಂಕಿಗಳ ಮೇಲೆ ಭರವಸೆ ಬರುತ್ತದೆ. ಮಧ್ಯದಲ್ಲಿ ಮೀಟರು ಬದಲಾಯಿಸಿದರೆ ಮತ್ತೆ ಮೊದಲಿನಿಂದ ಹೊಂದಿಸಬೇಕು.

ಚುಚ್ಚುವುದು ಹೇಗೆ? ಮೊದಲ ದಿನ ಬೇಡ. ಎರಡು ಮೂರು ದಿನ ಅದೇ ಮೂಲೆಯಲ್ಲಿ, ಅದೇ ಚಾಪೆಯ ಮೇಲೆ ನಾಯಿಯನ್ನು ಕೂರಿಸಿ ಕಿವಿ ಸವರಿ, ಏನಾದರೂ ಒಂದು ಚೂರು ತಿನ್ನಲು ಕೊಟ್ಟು ಎಬ್ಬಿಸಿದರೆ ಸಾಕು. ಆಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒಂದೆರಡು ನಿಮಿಷ ಹಿಡಿಯಬೇಕು. ರಕ್ತ ಅಂಚಿಗೆ ಬರುತ್ತದೆ. ಕಿವಿಯ ಹಿಂಬದಿಗೆ ಹತ್ತಿಯುಂಡೆಯ ಆಸರೆ ಕೊಟ್ಟು, ಒಳಬದಿಯಲ್ಲಿ ಕೂದಲಿಲ್ಲದ ಕಡೆ, ಅಂಚಿನ ರಕ್ತನಾಳದ ಪಕ್ಕದಲ್ಲಿ ಲ್ಯಾನ್ಸೆಟ್ ಸೂಜಿ ಊರಬೇಕು. ಜಾಗಕ್ಕೆ ತೆಳುವಾಗಿ ವ್ಯಾಸಲೀನ್ ಸವರಿದ್ದರೆ ರಕ್ತ ಹರಡದೆ ಮಣಿಯಂತೆ ನಿಲ್ಲುತ್ತದೆ. ಸ್ಪಿರಿಟ್ ಬೇಡ, ಅದು ಹನಿಯೊಳಗೆ ಬೆರೆತು ಅಂಕಿಯನ್ನು ಕೆಡಿಸುತ್ತದೆ, ಉರಿಯೂ ಆಗುತ್ತದೆ. ಕಿವಿ ಮುಟ್ಟಲು ಬಿಡದ ನಾಯಿಗಳಿಗೆ ಮೇಲ್ತುಟಿಯ ಒಳಬದಿ ಇದೆ, ಮೊಣಕೈಯ ಗಡ್ಡೆಗಟ್ಟಿದ ಚರ್ಮ ಇದೆ, ಮುಂಗಾಲಿನ ಹಿಂದೆ ನೆಲಕ್ಕೆ ತಾಗದ ಸಣ್ಣ ದಿಂಬಿದೆ. ಬಹಳ ನಾಯಿಗಳು ನಾವು ಹೆದರಿದಷ್ಟು ಹೆದರುವುದಿಲ್ಲ. ಕೈ ನಡುಗುವುದು ಹೆಚ್ಚಾಗಿ ಮನುಷ್ಯರದ್ದೇ, ಅದೂ ಒಂದು ವಾರದಲ್ಲಿ ನಿಲ್ಲುತ್ತದೆ.

ಇನ್ನು ಅಂಕಿ ಓದುವುದು. ಆರೋಗ್ಯವಂತ ನಾಯಿಯ ರಕ್ತದ ಸಕ್ಕರೆ ಸುಮಾರು 80ರಿಂದ 120 ಮಿಲಿಗ್ರಾಂ. 180–220 ದಾಟಿದರೆ ಮೂತ್ರಕ್ಕೆ ಇಳಿಯುತ್ತದೆ. ಇನ್ಸುಲಿನ್ ಪಡೆಯುವ ನಾಯಿಯಲ್ಲಿ ದಿನದ ಬಹುಭಾಗ 100ರಿಂದ 250ರೊಳಗೆ ಇದ್ದರೆ, ಅತಿ ಕೆಳಗಿಳಿದ ಘಳಿಗೆಯಲ್ಲಿ 80ರಿಂದ 150ರ ನಡುವೆ ನಿಂತರೆ ವೈದ್ಯರು ಸಮಾಧಾನಪಡುತ್ತಾರೆ. ಮನುಷ್ಯರ ಹಾಗೆ ಕಟ್ಟುನಿಟ್ಟು ಬೇಕಿಲ್ಲ. ನಾಯಿ ಚಟುವಟಿಕೆಯಿಂದಿದ್ದು, ತೂಕ ನಿಂತು, ನೀರಿನ ದಾಹ ಇಳಿದಿದ್ದರೆ ಅದೇ ಮುಖ್ಯ.

ಎರಡು ನಾಯಿಗಳನ್ನು ಊಹಿಸಿಕೊಳ್ಳಿ, ಒಂದು ಗುಬ್ಬಿಯಲ್ಲಿ, ಇನ್ನೊಂದು ಕುಣಿಗಲ್‌ನಲ್ಲಿ. ಎರಡಕ್ಕೂ ಬೆಳಿಗ್ಗೆ ಏಳು ಗಂಟೆಗೆ 310. ಗುಬ್ಬಿಯ ನಾಯಿಗೆ ಸೂಜಿಯಾದ ಮೇಲೆ ಒಂಬತ್ತಕ್ಕೆ 240, ಹನ್ನೊಂದಕ್ಕೆ 170, ಮಧ್ಯಾಹ್ನ ಒಂದಕ್ಕೆ 120; ಅಲ್ಲಿಂದ ನಿಧಾನವಾಗಿ ಏರಿ ಸಂಜೆ ಏಳಕ್ಕೆ 280. ಕುಣಿಗಲ್‌ನ ನಾಯಿಗೆ ಹನ್ನೊಂದಕ್ಕೇ 55. ಒಂದು ಗಂಟೆಗೆ 230, ಮೂರಕ್ಕೆ 380. ಬೆಳಗಿನ ಅಂಕಿ ಮಾತ್ರ ನೋಡುವವರು ಎರಡಕ್ಕೂ ಡೋಸ್ ಏರಿಸಬೇಕು ಎನ್ನುತ್ತಾರೆ. ನಿಜದಲ್ಲಿ ಗುಬ್ಬಿಯ ನಾಯಿಗೆ ಡೋಸ್ ಬಹುತೇಕ ಸರಿಯಾಗಿಯೇ ಇದೆ. ಕುಣಿಗಲ್‌ನ ನಾಯಿಗೆ ಇನ್ಸುಲಿನ್ ಹೆಚ್ಚಾಗಿದೆ: ಸಕ್ಕರೆ ಪಾತಾಳಕ್ಕಿಳಿದಾಗ ಶರೀರ ಗಾಬರಿಬಿದ್ದು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರಿದಿದೆ. ಅದಕ್ಕೆ ಡೋಸ್ ಏರಿಸಿದರೆ ಮರುದಿನ ಸೆಳೆತ ಬಂದು ಬೀಳಬಹುದು. ಏಳು ಪಟ್ಟಿ, ಎಪ್ಪತ್ತರಿಂದ ನೂರೈವತ್ತು ರೂಪಾಯಿ ಖರ್ಚು. ಒಂದು ನಾಯಿಯನ್ನು ಉಳಿಸುವ ತಿಳಿವಳಿಕೆ ಇಷ್ಟು ಅಗ್ಗಕ್ಕೆ ಸಿಗುತ್ತದೆ. ಡೋಸ್ ಹೊಂದುವವರೆಗೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಇಂಥ ದಿನವಿಡೀ ಅಳತೆ ಬೇಕು, ಹೊಂದಿದ ಮೇಲೆ ಕೆಲವು ತಿಂಗಳಿಗೊಮ್ಮೆ.

ಆ ಅಂಕಿಗಳನ್ನು ನೋಡಿ ಮನೆಯವರೇ ಡೋಸ್ ಬದಲಾಯಿಸಬಾರದು. ಶಾಲೆಯ ನೋಟ್‌ಬುಕ್ಕಿನಲ್ಲಿ ಸಮಯ, ಅಂಕಿ, ತಿಂದದ್ದು, ಹಾಕಿದ ಯೂನಿಟ್, ಕುಡಿದ ನೀರು ಇಷ್ಟನ್ನು ಬರೆದು ಪುಟದ ಫೋಟೋ ತೆಗೆದು ವೈದ್ಯರ ವಾಟ್ಸಾಪ್‌ಗೆ ಕಳಿಸಿದರೆ, ಊರೂರು ಸುತ್ತುವ ವೈದ್ಯರೂ ಸಂಜೆ ಬಿಡುವಾದಾಗ ನೋಡಿ ಉತ್ತರಿಸಬಲ್ಲರು. ಊಟಕ್ಕೆ ಮುಂಚಿನ ಅಂಕಿಯೇ 150ರ ಕೆಳಗಿದ್ದರೆ, ಅಥವಾ ನಾಯಿ ತಟ್ಟೆ ಮೂಸಿ ಹಿಂದೆ ಸರಿದರೆ, ಸೂಜಿ ಹಾಕುವ ಮುಂಚೆ ಫೋನ್ ಮಾಡಲೇಬೇಕು.

ಇನ್ಸುಲಿನ್ ಕೂಡ ಮನುಷ್ಯರದ್ದೇ ನಡೆಯುತ್ತದೆ. ನಾಯಿಯ ಇನ್ಸುಲಿನ್ನಿಗೂ ಮನುಷ್ಯರದ್ದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲ. ಹಂದಿಯ ಇನ್ಸುಲಿನ್ನಂತೂ ನಾಯಿಯದ್ದರ ಪಡಿಯಚ್ಚು. ಹೊರದೇಶಗಳಲ್ಲಿ ನಾಯಿಗೆಂದು ಮಾರುವ ಒಂದು ಪ್ರಸಿದ್ಧ ಇನ್ಸುಲಿನ್ ತಯಾರಾಗುವುದು ಅದರಿಂದಲೇ. ನಮ್ಮಲ್ಲಿ ಎನ್‌ಪಿಎಚ್ ಬಗೆಯ, ಮಿಲಿಲೀಟರಿಗೆ 40 ಯೂನಿಟ್‌ನ ಸೀಸೆ ಊರೂರಲ್ಲೂ ಸಿಗುತ್ತದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದದ್ದೂ ಮಾನವ ಇನ್ಸುಲಿನ್ನೇ. ಸರ್ಕಾರದ ಬೆಲೆ ನಿಯಂತ್ರಣ ಇರುವುದರಿಂದ 10 ಮಿಲಿಲೀಟರ್ ಸೀಸೆ ನೂರೈವತ್ತು ರೂಪಾಯಿ ಆಸುಪಾಸು. ಹತ್ತು ಕಿಲೋದ ನಾಯಿಗೆ ವೈದ್ಯರು ಹೊತ್ತಿಗೆ ನಾಲ್ಕು ಯೂನಿಟ್ ಬರೆದರೆಂದುಕೊಂಡರೂ 400 ಯೂನಿಟ್‌ನ ಸೀಸೆ ಐವತ್ತು ದಿನ ಬರುತ್ತದೆ. ತೆರೆದ ಸೀಸೆಯನ್ನು ನಾಲ್ಕರಿಂದ ಆರು ವಾರದೊಳಗೆ ಮುಗಿಸಬೇಕಾದ್ದರಿಂದ ಔಷಧ ಮುಗಿಯುವ ಮೊದಲೇ ಅದರ ಅವಧಿ ಮುಗಿಯುತ್ತದೆ.

ಅಪಾಯ ಇರುವುದು ಸಿರಿಂಜಿನಲ್ಲಿ. 40 ಯೂನಿಟ್‌ನ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದ್ದಕ್ಕೆ ಕಿತ್ತಳೆ ಮುಚ್ಚಳದ್ದು. ಅಂಗಡಿಯಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಕಿತ್ತಳೆ ಸಿರಿಂಜಿನಲ್ಲಿ 40ರ ಇನ್ಸುಲಿನ್ನನ್ನು ಹತ್ತರ ಗೆರೆಯವರೆಗೆ ಎಳೆದರೆ ನಾಯಿಗೆ ಹೋಗುವುದು ನಾಲ್ಕೇ ಯೂನಿಟ್. ಕೆಂಪು ಸಿರಿಂಜಿನಲ್ಲಿ 100ರ ಇನ್ಸುಲಿನ್ನನ್ನು ಹತ್ತರ ಗೆರೆಯವರೆಗೆ ಎಳೆದರೆ ಇಪ್ಪತ್ತೈದು. ಎರಡೂವರೆ ಪಟ್ಟು, ಜೀವ ತೆಗೆಯುವಷ್ಟು. ಮನೆಯಲ್ಲಿ ಅಜ್ಜನಿಗೂ ಇನ್ಸುಲಿನ್ ಇದ್ದರೆ ಎರಡು ಡಬ್ಬಿ ಬೇರೆ ಬೇರೆ ಇಡಬೇಕು, ಹೆಸರು ದೊಡ್ಡದಾಗಿ ಬರೆದು. ಲ್ಯಾನ್ಸೆಟ್ಟೂ ಬೇರೆಯೇ.

ನಾಯಿ ತೂರಾಡಿದರೆ, ಮಂಕಾದರೆ, ನಡುಗಿದರೆ ತಕ್ಷಣ ಒಂದು ಹನಿ ನೋಡಬೇಕು. 60ರ ಕೆಳಗಿದ್ದರೆ, ಅಥವಾ ನೋಡುವಷ್ಟು ಹೊತ್ತೂ ಇಲ್ಲದಿದ್ದರೆ, ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿಯನ್ನೋ ಬೆಲ್ಲದ ಪಾಕವನ್ನೋ ಬೆರಳಿನಿಂದ ವಸಡಿಗೆ ತಿಕ್ಕಿ ಆಸ್ಪತ್ರೆಯ ದಾರಿ ಹಿಡಿಯಬೇಕು. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಸುರಿಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ.

ಊಟದ ವಿಷಯದಲ್ಲಿ ನಮ್ಮ ಸೀಮೆಯ ಪ್ರೀತಿಯೇ ಅಡ್ಡ ಬರುತ್ತದೆ. ಕ್ಯಾತ್ಸಂದ್ರದಿಂದ ಕಟ್ಟಿಸಿಕೊಂಡು ಬಂದ ತಟ್ಟೆ ಇಡ್ಲಿಯಲ್ಲಿ ನಾಯಿಗೊಂದು ಪಾಲು, ಸಂಜೆ ಚಹಾದ ಜೊತೆ ಬಿಸ್ಕತ್ತು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಹಲಸಿನ ಕಾಲದಲ್ಲಿ ತೊಳೆ ಬಿಡಿಸುವವರ ಪಕ್ಕ ಕೂತ ನಾಯಿಗೆ ಎಷ್ಟು ತೊಳೆ ಸಿಕ್ಕಿತೆಂದು ಲೆಕ್ಕ ಇಡುವವರಾರು? ಮರುದಿನ ಮೀಟರು 400 ತೋರಿಸಿದಾಗ ಇನ್ಸುಲಿನ್ ಕೆಲಸ ಮಾಡುತ್ತಿಲ್ಲ ಎಂದು ಗಾಬರಿಯಾಗುತ್ತದೆ. ಎರಡು ಹೊತ್ತು, ಒಂದೇ ಸಮಯಕ್ಕೆ, ಅಳತೆಯಲ್ಲಿ ಒಂದೇ ಬಗೆಯ ಊಟ ಎಂಬ ಶಿಸ್ತಿಗೆ ಬೇರೆ ದಾರಿಯಿಲ್ಲ. ಚುಚ್ಚಿದ ಮೇಲಿನ ಬಹುಮಾನಕ್ಕೆ ಬೇಯಿಸಿದ ಕೋಳಿಯ ಒಂದು ಎಳೆಯೋ ಸೌತೆಕಾಯಿಯ ಹೋಳೋ ಸಾಕು. ಶುಗರ್ ಇರುವವರ ಮನೆಯಲ್ಲಿ ಇರುವ ‘ಶುಗರ್‌ಫ್ರೀ’ ಸಿಹಿಯನ್ನು ನಾಯಿಗೆ ಕೊಡಲೇಬಾರದು. ಅವುಗಳಲ್ಲಿ ಕೆಲವಕ್ಕೆ ಹಾಕುವ ಜೈಲಿಟಾಲ್ ಮನುಷ್ಯರಿಗೆ ಅಂಥ ಅಪಾಯ ಮಾಡದು. ನಾಯಿಯಲ್ಲಿ ಸಕ್ಕರೆಯನ್ನು ದಿಢೀರನೆ ಇಳಿಸಿ ಯಕೃತ್ತನ್ನು ಕೆಡಿಸುತ್ತದೆ.

ಮೀಟರಿನ ಜೊತೆಗೆ ಇಟ್ಟುಕೊಳ್ಳಬೇಕಾದ ಇನ್ನೊಂದು ಅಗ್ಗದ ವಸ್ತು ಸಕ್ಕರೆ ಮತ್ತು ಕೀಟೋನ್ ಎಂಬ ವಿಷ ಎರಡನ್ನೂ ತೋರಿಸುವ ಮೂತ್ರದ ಪಟ್ಟಿ. ನಾಯಿ ವಾಂತಿ ಮಾಡಿ ಊಟ ಬಿಟ್ಟು ಮಲಗಿದ್ದು, ಕೀಟೋನ್ ಬಣ್ಣ ತಿರುಗಿದರೆ ಅದು ತುರ್ತು. ಆ ರಾತ್ರಿಯೇ ಹೊರಡಬೇಕು. ಈ ವಿಷಯದಲ್ಲಿ ತಾಲ್ಲೂಕಿನ ಪಶುವೈದ್ಯರನ್ನು ಕಡಿಮೆ ಅಂದಾಜು ಮಾಡಬಾರದು. ಕರು ಹಾಕಿದ ಹೊಸದರಲ್ಲಿ ಹೆಚ್ಚು ಹಾಲು ಕರೆಯುವ ಹಸುಗಳಿಗೆ ಕೀಟೋಸಿಸ್ ಬರುತ್ತದೆ, ಅವುಗಳ ಉಸಿರಿನ ವಾಸನೆಯಿಂದಲೇ ಅದನ್ನು ಹಿಡಿಯುವವರು ಅವರು. ಹಸುವಿನಲ್ಲಿ ಸಕ್ಕರೆ ಇಳಿದು ಕೀಟೋನ್ ಏರುತ್ತದೆ, ನಾಯಿಯಲ್ಲಿ ಸಕ್ಕರೆ ಏರಿಯೂ ಅದು ಕೋಶದೊಳಗೆ ಹೋಗಲಾರದೆ ಕೀಟೋನ್ ಏರುತ್ತದೆ. ದಾರಿ ಬೇರೆ, ವಿಷ ಒಂದೇ.

ನಾಯಿಗೆ ಇನ್ಸುಲಿನ್ ಯಾಕೆ, ಇಷ್ಟೆಲ್ಲ ಯಾಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಅವರಿಗೆ ಹೇಳಬೇಕಾದ ಚರಿತ್ರೆಯೊಂದಿದೆ. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಒಂದು ನಾಯಿಯ ಮೇದೋಜೀರಕವನ್ನು ತೆಗೆದುಹಾಕಿದಾಗ ಅದು ಎಡೆಬಿಡದೆ ಮೂತ್ರ ಮಾಡತೊಡಗಿತು. ಮೂತ್ರದ ತುಂಬ ಸಕ್ಕರೆ. ಸಿಹಿಮೂತ್ರದ ಬೇರು ಎಲ್ಲಿದೆ ಎಂದು ಜಗತ್ತಿಗೆ ತಿಳಿದದ್ದು ಆಗ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನಿನ ಸಾರವನ್ನು ಮೊದಲು ಕೊಟ್ಟು ನೋಡಿದ್ದು ನಾಯಿಗಳಿಗೇ. ಅವುಗಳಲ್ಲಿ ಮಾರ್ಜರಿ ಎಂಬ ಹೆಣ್ಣು ನಾಯಿ ಮೇದೋಜೀರಕವಿಲ್ಲದೆ ಆ ಚುಚ್ಚುಮದ್ದಿನ ಮೇಲೆ ಸುಮಾರು ಎಪ್ಪತ್ತು ದಿನ ಬದುಕಿತು. 1922ರ ಜನವರಿ 11ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮನುಷ್ಯರಲ್ಲಿ ಮೊದಲ ಸೂಜಿ. ಅಜ್ಜಿಯ ಫ್ರಿಜ್ಜಿನಲ್ಲಿರುವ ಸೀಸೆ ನಾಯಿಗಳ ಮೂಲಕ ಬಂದದ್ದು.

ತೋಳಿಗೆ ಅಂಟಿಸುವ ಸೆನ್ಸರ್‌ಗಳನ್ನು ಈಗ ನಾಯಿಯ ಬೆನ್ನಿಗೂ ಅಂಟಿಸುತ್ತಾರೆ. ಪದೇ ಪದೇ ಚುಚ್ಚದೆಯೇ ದಿನಪೂರ್ತಿ ಅಂಕಿ ಸಿಗುತ್ತದೆ. ಆದರೆ ಒಂದೊಂದಕ್ಕೆ ಸಾವಿರಾರು ರೂಪಾಯಿ, ಎರಡು ವಾರ ಬರಬೇಕಾದದ್ದು ನಾಯಿ ಮೈ ಉಜ್ಜಿದರೆ ಮೊದಲೇ ಕಿತ್ತುಬರುತ್ತದೆ. ಅನುಕೂಲಸ್ಥರು ಡೋಸ್ ಹೊಂದಿಸುವ ಮೊದಲ ದಿನಗಳಿಗೆ ಒಮ್ಮೆ ಬಳಸಬಹುದು.

ಕಣ್ಣಿನ ಪೊರೆ ಮಾತ್ರ ಎಷ್ಟು ಜೋಪಾನ ಮಾಡಿದರೂ ಬಹುಪಾಲು ನಾಯಿಗಳಿಗೆ ಒಂದು ಒಂದೂವರೆ ವರ್ಷದೊಳಗೆ ಬರುತ್ತದೆ. ಮಸೂರದೊಳಗೆ ಸಕ್ಕರೆ ಸಾರ್ಬಿಟಾಲ್ ಆಗಿ ನೀರು ಎಳೆದುಕೊಳ್ಳುವುದು ಅದಕ್ಕೆ ಕಾರಣ. ಕುರುಡಾದ ನಾಯಿಯೂ ಮೂಗು, ಕಿವಿಗಳನ್ನು ನೆಚ್ಚಿಕೊಂಡು ಮನೆಯೊಳಗೆ ಸಲೀಸಾಗಿ ಓಡಾಡುತ್ತದೆ. ಬಟ್ಟಲು, ಚಾಪೆ, ಕುರ್ಚಿಗಳ ಜಾಗ ಬದಲಿಸದಿದ್ದರೆ ಆಯಿತು.

ಬಳಸಿದ ಸೂಜಿಯ ವಿಷಯ ಉಳಿಯಿತು. ತಿಂಗಳಿಗೆ ಅರವತ್ತು ಸಿರಿಂಜ್, ಇಪ್ಪತ್ತು ಮೂವತ್ತು ಲ್ಯಾನ್ಸೆಟ್. ತುಮಕೂರು ಮಹಾನಗರ ಪಾಲಿಕೆಯಾಗಲಿ, ಕುಣಿಗಲ್ ಪುರಸಭೆಯಾಗಲಿ, ಗುಬ್ಬಿ ಪಟ್ಟಣ ಪಂಚಾಯಿತಿಯಾಗಲಿ, ಕಸ ಎತ್ತುವುದು ಪೌರಕಾರ್ಮಿಕರ ಕೈ. ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಯೊಂದರಲ್ಲಿ ಹಾಕುತ್ತಾ ಹೋಗಿ, ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿದು ಟೇಪ್ ಸುತ್ತಿ, ಔಷಧಕ್ಕೆ ಹೋದ ದಿನ ಪಶು ಆಸ್ಪತ್ರೆಯಲ್ಲಿ ಕೇಳಿ ವೈದ್ಯಕೀಯ ತ್ಯಾಜ್ಯದ ಜೊತೆ ಸೇರಿಸಿ ಬರಬೇಕು.